ಒಂದೇ ಗೇಟು, ನಾಲ್ಕು ಶಾಲೆ: ಮುಂಬೈಯ ಪಾಲಿಕೆ ಶಾಲೆಗಳನ್ನು ಹೋಲಿಸುವುದು ಹೇಗೆ?

ಪಾಲಿಕೆ ಶಾಲೆಯ ಗೇಟಿನ ಮುಂದೆ ನಿಂತು ‘ಈ ಶಾಲೆ ಹೇಗಿದೆ?’ ಎಂದು ವಿಚಾರಿಸಿದರೆ ಮುಂಬೈಯಲ್ಲಿ ಮೊದಲು ಬರುವ ಮಾತು ‘ಯಾವ ಶಾಲೆ?’ ಎಂಬುದು. ಎಷ್ಟೋ ಕಟ್ಟಡಗಳಲ್ಲಿ ಕೆಳಗಿನ ಮಹಡಿಯಲ್ಲಿ ಮರಾಠಿ ಶಾಲೆ, ಮೇಲೆ ಹಿಂದಿ ನಂಬರ್ ಒಂದು ಮತ್ತು ಎರಡು, ಮೂಲೆಯ ಮೂರು ನಾಲ್ಕು ಕೋಣೆಗಳಲ್ಲಿ ಕನ್ನಡ. ಕೆಲವು ಬೆಳಗಿನ ಪಾಳಿ, ಕೆಲವು ಮಧ್ಯಾಹ್ನದ ಪಾಳಿ. ಗೇಟು, ನೀರಿನ ಟಾಕಿ, ಮೈದಾನ ಎಲ್ಲರಿಗೂ ಒಂದೇ. ಮುಖ್ಯಾಧ್ಯಾಪಕರು, ಹಾಜರಿ ಪುಸ್ತಕ, ಶಿಕ್ಷಕರು ಮಾತ್ರ ಬೇರೆ ಬೇರೆ. ಹಾಗಾಗಿ ‘ಆ ಕಟ್ಟಡದ ಶಾಲೆ ಚೆನ್ನಾಗಿಲ್ಲವಂತೆ’ ಎಂಬ ಚಾಳಿನ (ವಠಾರದ) ಮಾತು ಅಲ್ಲಿರುವ ನಾಲ್ಕು ಶಾಲೆಗಳಲ್ಲಿ ಯಾವುದರ ಬಗ್ಗೆ ಎಂದು ಹೇಳಿದವರಿಗೂ ಗೊತ್ತಿರುವುದಿಲ್ಲ.

ಹೋಲಿಕೆಯ ಮೊದಲ ಕೆಲಸ, ಶಾಲೆಯ ಯು-ಡೈಸ್ ಸಂಖ್ಯೆ ಹಿಡಿಯುವುದು. ದೇಶದ ಪ್ರತಿ ಶಾಲೆಗೂ 11 ಅಂಕಿಗಳ ಈ ಗುರುತಿದೆ. ಮಹಾರಾಷ್ಟ್ರದ ಶಾಲೆಗಳದ್ದು 27ರಿಂದ ಶುರುವಾಗುತ್ತದೆ. ಒಂದೇ ಕಟ್ಟಡದಲ್ಲಿದ್ದರೂ ಕನ್ನಡ ಶಾಲೆಯ ಸಂಖ್ಯೆ ಬೇರೆ, ಹಿಂದಿ ಶಾಲೆಯದು ಬೇರೆ. ಆಫೀಸಿನ ಗೋಡೆಯ ಮೇಲೋ ಎಲ್‌ಸಿಯ (ಶಾಲೆ ಬಿಡುವಾಗ ಕೊಡುವ ಪ್ರಮಾಣಪತ್ರದ) ಮೇಲೋ ಸಾಮಾನ್ಯವಾಗಿ ಬರೆದಿರುತ್ತದೆ. ಇಲ್ಲವಾದರೆ ಕೇಳಿದರೆ ಕೊಡುತ್ತಾರೆ. ಅದನ್ನು ಕೇಂದ್ರ ಸರಕಾರದ ಯು-ಡೈಸ್ ಪ್ಲಸ್ ಜಾಲತಾಣದ ‘ನೋ ಯುವರ್ ಸ್ಕೂಲ್’ ಪುಟದಲ್ಲಿ ಹಾಕಿದರೆ ಆ ಶಾಲೆಯ ವರದಿ ಕಾರ್ಡು ಸಿಗುತ್ತದೆ.

ಹೆಸರಿನ ಗೊಂದಲವನ್ನೂ ಇಲ್ಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ಈಚಿನ ವರ್ಷಗಳಲ್ಲಿ ಪಾಲಿಕೆ ತನ್ನ ಶಾಲೆಗಳ ಮೇಲೆ ‘ಮುಂಬೈ ಪಬ್ಲಿಕ್ ಸ್ಕೂಲ್’ ಎಂಬ ಫಲಕ ಹಾಕಿದೆ. ಬೋರ್ಡು ನೋಡಿ ಖಾಸಗಿ ಶಾಲೆ ಎಂದು ಹಿಂದಿರುಗಿದವರುಂಟು. ‘ಪಬ್ಲಿಕ್’ ಎಂದಿದೆಯಲ್ಲ ಎಂದು ಖಾಸಗಿ ಶಾಲೆಗೆ ಹೋಗಿ ಶುಲ್ಕ ಕೇಳಿ ಬೆಚ್ಚಿದವರೂ ಉಂಟು. ಮೂರನೆಯದು ಅನುದಾನಿತ ಶಾಲೆ: ನಡೆಸುವುದು ಸಂಸ್ಥೆ, ಶಿಕ್ಷಕರ ಸಂಬಳ ಸರಕಾರದ್ದು. ಮುಂಬೈ ಕನ್ನಡಿಗರು ಕಟ್ಟಿದ ಹೈಸ್ಕೂಲುಗಳು ಬಹುತೇಕ ಈ ದಾರಿಯಲ್ಲೇ ಬೆಳೆದವು. ಡೊಂಬಿವಲಿ, ಠಾಣೆಯ ಕಡೆಗೆ ಹೋದರೆ ಪಾಲಿಕೆಯೇ ಬೇರೆ, ಸೌಲಭ್ಯಗಳೂ ಬೇರೆ.

ಏಳನೆಯ ತರಗತಿ ಮುಗಿದ ಮೇಲೆ ಎಲ್ಲಿಗೆ?

ಒಂದನೆಯ ತರಗತಿಗೆ ಸೇರಿಸುವಾಗ ತಂದೆ ತಾಯಿ ಕೇಳದೆ ಬಿಡುವ ಪ್ರಶ್ನೆ ಇದು, ಕನ್ನಡ ಮಾಧ್ಯಮದವರಿಗೆ ಎಲ್ಲಕ್ಕಿಂತ ದುಬಾರಿಯಾಗುವ ಪ್ರಶ್ನೆಯೂ ಇದೇ. ಪಾಲಿಕೆಯ ಹೆಚ್ಚಿನ ಶಾಲೆಗಳು ಪ್ರಾಥಮಿಕ ಹಂತದವು. ಹೈಸ್ಕೂಲುಗಳ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ, ಕನ್ನಡದಲ್ಲಂತೂ ಬೆರಳೆಣಿಕೆ. ಪಾಲಿಕೆಯಲ್ಲಿ ಮರಾಠಿ, ಹಿಂದಿ, ಉರ್ದು, ಇಂಗ್ಲಿಷ್, ಗುಜರಾತಿ, ತಮಿಳು, ತೆಲುಗು, ಕನ್ನಡ ಹೀಗೆ ಎಂಟು ಮಾಧ್ಯಮಗಳಿವೆ. ಆದರೆ ಎಂಟಕ್ಕೂ ಹತ್ತನೆಯವರೆಗೆ ಸಮನಾದ ದಾರಿ ಇಲ್ಲ.

ಮುಖ್ಯಾಧ್ಯಾಪಕರನ್ನು ನೇರವಾಗಿ ಕೇಳಿ: ಕಳೆದ ವರ್ಷ ಇಲ್ಲಿನ ಕೊನೆಯ ತರಗತಿ ಮುಗಿಸಿದ ಮಕ್ಕಳು ಎಷ್ಟು, ಅವರು ಯಾವ ಯಾವ ಶಾಲೆಗೆ ಹೋದರು? ಹೊಸ ಶಾಲೆಯಿಂದ ಎಲ್‌ಸಿಗೆ ಬೇಡಿಕೆ ಬಂದಿರುವುದರಿಂದ ಈ ಮಾಹಿತಿ ಅವರ ಕಪಾಟಿನಲ್ಲೇ ಇರುತ್ತದೆ. ‘ಎಲ್ಲೋ ಹೋಗಿದ್ದಾರೆ’ ಎಂಬುದು ಉತ್ತರವಾದರೆ, ಎಲ್‌ಸಿ ಒಯ್ಯದೆ ಉಳಿದವರೆಷ್ಟು ಎಂದು ಕೇಳಬೇಕು. ಆ ಮಕ್ಕಳು ಬಹುಶಃ ಶಾಲೆಯನ್ನೇ ಬಿಟ್ಟಿದ್ದಾರೆ.

ಕನ್ನಡದಿಂದ ಬೇರೆ ಮಾಧ್ಯಮಕ್ಕೆ ಹೊರಳುವವರಿಗೆ ಎಂಟನೆಯ ತರಗತಿ ಕಡಿದಾದ ಮೆಟ್ಟಿಲು. ಗಣಿತದ ‘ಲಘುತ್ತಮ ಸಾಮಾನ್ಯ ಅಪವರ್ತ್ಯ’ವನ್ನು ಮರಾಠಿಯ ‘ಲಸಾವಿ’ಯಾಗಿಯೋ ಇಂಗ್ಲಿಷಿನ ‘ಎಲ್‌ಸಿಎಂ’ ಆಗಿಯೋ ಹೊಸದಾಗಿ ಕಲಿಯಬೇಕು. ಮಗು ದಡ್ಡನಾದದ್ದಲ್ಲ, ಪದ ಬದಲಾಯಿತು. ಮುಂದೆ ಹೊರಳುವುದು ಖಚಿತವಿದ್ದರೆ, ಐದನೆಯ ತರಗತಿಯಿಂದಲೇ ಗಣಿತ ಮತ್ತು ವಿಜ್ಞಾನದ ಪಾರಿಭಾಷಿಕ ಪದಗಳನ್ನು ಎರಡು ಭಾಷೆಯಲ್ಲಿ ಬರೆಸುವ ಶಿಕ್ಷಕರು ಯಾವ ಶಾಲೆಯಲ್ಲಿದ್ದಾರೋ ಆ ಶಾಲೆಗೆ ಹೆಚ್ಚು ಅಂಕ ಕೊಡಿ. ಮಗುವಿನ ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ತಿರುವಿದರೆ ಇದು ಗೊತ್ತಾಗುತ್ತದೆ.

ವರದಿ ಕಾರ್ಡಿನಲ್ಲಿ ಏನು ಓದಬೇಕು

ಕಾರ್ಡಿನಲ್ಲಿ ಶೌಚಾಲಯ, ವಿದ್ಯುತ್ತು, ಗ್ರಂಥಾಲಯ, ಕಂಪ್ಯೂಟರು ಎಂದು ಉದ್ದದ ಪಟ್ಟಿ ಇರುತ್ತದೆ. ಮುಂಬೈ ಮಟ್ಟಿಗೆ ಈ ಪಟ್ಟಿಯ ಮೇಲೆ ಹೆಚ್ಚು ಹೊತ್ತು ಕಳೆಯಬೇಕಿಲ್ಲ. ಪಾಲಿಕೆಯ ಬಹುಪಾಲು ಶಾಲೆಗಳಲ್ಲಿ ಎಲ್ಲದಕ್ಕೂ ‘ಇದೆ’ ಎಂದೇ ಬರೆದಿರುತ್ತದೆ. ಮಾಹಿತಿ ತುಂಬುವುದು ಶಾಲೆಯವರೇ. ಶೌಚಾಲಯ ಇದೆಯೇ ಎಂಬುದಕ್ಕಿಂತ ಮಧ್ಯಂತರದ ಹೊತ್ತಿಗೆ ಅಲ್ಲಿ ನೀರು ಬರುತ್ತದೆಯೇ ಎಂಬುದು ಮುಖ್ಯ, ಅದು ಕಾರ್ಡಿನಲ್ಲಿ ಇರುವುದಿಲ್ಲ.

ಓದಬೇಕಾದದ್ದು ತರಗತಿವಾರು ಮಕ್ಕಳ ಸಂಖ್ಯೆ. ಒಂದು ವರ್ಷದ್ದಲ್ಲ, ಆರೇಳು ವರ್ಷದ್ದು, ಅದೂ ಓರೆಯಾಗಿ. 2018-19ರ ಒಂದನೆಯ ತರಗತಿ, 2019-20ರ ಎರಡನೆಯದು, 2020-21ರ ಮೂರನೆಯದು, ಹೀಗೆ ಒಂದೇ ತಂಡದ ಬೆನ್ನು ಹಿಡಿದು 2023-24ರ ಆರನೆಯ ತರಗತಿಯವರೆಗೆ ಬನ್ನಿ. 42 ಮಕ್ಕಳಿಂದ ಶುರುವಾದ ತಂಡ 18ಕ್ಕೆ ಇಳಿದಿದ್ದರೆ ಉಳಿದವರು ನೂರಕ್ಕೆ 43.

ಇಷ್ಟಕ್ಕೇ ಶಾಲೆ ಕೆಟ್ಟದ್ದು ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಝೋಪಡಪಟ್ಟಿ ತೆರವಾಗಿ ಕುಟುಂಬಗಳು ಮಾನ್‌ಖುರ್ದ್ ಕಡೆಗೆ ಹೋಗಿರಬಹುದು, ಬಾಡಿಗೆ ತಾಳಲಾರದೆ ನಾಲಾಸೋಪಾರಾ, ವಿರಾರ್ ಸೇರಿರಬಹುದು. ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಕೆಲಸ ಮುಗಿದೊಡನೆ ಊರಿಗೆ ಮರಳುತ್ತಾರೆ. ಇದನ್ನು ಶಾಲೆಯ ಲೆಕ್ಕಕ್ಕೆ ಬರೆಯಲಾಗದು. ಬಿಡಿಸಿಕೊಳ್ಳಲು ಒಂದೇ ಕಟ್ಟಡದ ನಾಲ್ಕು ಶಾಲೆಗಳು ಇಲ್ಲಿ ಸಹಾಯಕ್ಕೆ ಬರುತ್ತವೆ. ಪಕ್ಕದ ಮಹಡಿಯ ಮರಾಠಿ, ಹಿಂದಿ ಶಾಲೆಗಳ ತಂಡವನ್ನೂ ಇದೇ ರೀತಿ ಹಿಂಬಾಲಿಸಿ. ಎಲ್ಲವೂ ಅರ್ಧಕ್ಕೆ ಇಳಿದಿದ್ದರೆ ವಸ್ತಿ ಖಾಲಿಯಾಗಿದೆ. ಅವು ನೂರಕ್ಕೆ 80 ಉಳಿಸಿಕೊಂಡು ಇದೊಂದೇ 43ಕ್ಕೆ ಬಂದಿದ್ದರೆ ಕಾರಣ ಶಾಲೆಯೊಳಗೆ ಅಥವಾ ಮಾಧ್ಯಮದಲ್ಲಿ ಇದೆ. ಇಳಿಕೆ ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಆಗಿದೆಯೋ, ನಾಲ್ಕರಿಂದ ಐದಕ್ಕೆ ಬರುವಾಗ ಒಮ್ಮೆಗೇ ಆಗಿದೆಯೋ ನೋಡಿ. ಒಮ್ಮೆಗೇ ಆಗಿದ್ದರೆ ತಂದೆ ತಾಯಿ ಮಕ್ಕಳನ್ನು ಇಂಗ್ಲಿಷಿಗೋ ಸೆಮಿ ಇಂಗ್ಲಿಷಿಗೋ (ಗಣಿತ ಮತ್ತು ವಿಜ್ಞಾನ ಇಂಗ್ಲಿಷಿನಲ್ಲಿ, ಉಳಿದದ್ದು ಮಾಧ್ಯಮದ ಭಾಷೆಯಲ್ಲಿ) ಒಯ್ದಿರುವ ಸಾಧ್ಯತೆ ಹೆಚ್ಚು. ಅವರು ತಿರಸ್ಕರಿಸಿದ್ದು ಮಾಧ್ಯಮವನ್ನು, ಕಲಿಸುವವರನ್ನಲ್ಲ.

ಶಿಕ್ಷಕರ ಸರಾಸರಿ ಎಂಬ ಮೋಸ

‘ಇಪ್ಪತ್ತೈದು ಮಕ್ಕಳಿಗೆ ಒಬ್ಬ ಶಿಕ್ಷಕ’ ಎಂದರೆ ಕೇಳಲು ಇಂಪು. ಈಗ ಬಿಡಿಸಿ ನೋಡೋಣ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ಒಟ್ಟು 60ರವರೆಗೆ ಮಕ್ಕಳಿದ್ದರೆ ಇಬ್ಬರು ಶಿಕ್ಷಕರು, 61ರಿಂದ 90 ಇದ್ದರೆ ಮೂವರು, 91ರಿಂದ 120ಕ್ಕೆ ನಾಲ್ವರು. ಒಂದು ಕನ್ನಡ ಶಾಲೆಯಲ್ಲಿ ಐದು ತರಗತಿ ಸೇರಿ 75 ಮಕ್ಕಳಿದ್ದಾರೆ ಎನ್ನಿ. ಮೂವರು ಶಿಕ್ಷಕರು, ಸರಾಸರಿ 25, ಕಾನೂನಿಗೆ ಪೂರ್ತಿ ಸರಿ. ಆದರೆ ತರಗತಿ ಐದು, ಶಿಕ್ಷಕರು ಮೂವರು. ಇಬ್ಬರು ಎರಡೆರಡು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಳ್ಳಲೇಬೇಕು. ಒಂದು ಗುಂಪಿಗೆ ಕಲಿಸುವಾಗ ಇನ್ನೊಂದು ಗುಂಪು ಬೋರ್ಡು ನೋಡಿ ನಕಲು ಮಾಡುತ್ತಿರುತ್ತದೆ. ಪಕ್ಕದ ಹಿಂದಿ ಶಾಲೆಯಲ್ಲಿ ಸರಾಸರಿ 36 ಇರಬಹುದು. ಆದರೂ ಅಲ್ಲಿ ಪ್ರತಿ ತರಗತಿಗೆ ಒಬ್ಬರಿದ್ದರೆ ಮಗುವಿಗೆ ಸಿಗುವ ಪಾಠದ ಹೊತ್ತು ಅಲ್ಲೇ ಹೆಚ್ಚು.

ಹಾಗಾಗಿ ಸರಾಸರಿ ಬಿಟ್ಟು ಎರಡು ಪ್ರಶ್ನೆ ಕೇಳಿ. ಎಷ್ಟು ತರಗತಿ, ಎಷ್ಟು ಜನ ಪಾಠ ಮಾಡುವವರು? ಆರರಿಂದ ಎಂಟರವರೆಗೆ ಇದ್ದರೆ ವಿಜ್ಞಾನ-ಗಣಿತಕ್ಕೆ, ಸಮಾಜಕ್ಕೆ, ಭಾಷೆಗೆ ಬೇರೆ ಬೇರೆ ಶಿಕ್ಷಕರಿದ್ದಾರೆಯೇ? ಹೀಗಿರಬೇಕು ಎಂಬುದು ಆ ಅನುಸೂಚಿಯಲ್ಲೇ ಇದೆ.

ಮರಾಠಿ ಶಾಲೆಯಲ್ಲಿ ಒಬ್ಬರು ನಿವೃತ್ತರಾದರೆ ಅದೇ ವಾರ್ಡಿನ ಇನ್ನೊಂದು ಮರಾಠಿ ಶಾಲೆಯಿಂದ ಒಬ್ಬರನ್ನು ಕಳಿಸಬಹುದು. ಕನ್ನಡ ಶಾಲೆಗೆ ಹಾಗೆ ಸಾಲ ತರಲು ಹತ್ತಿರದಲ್ಲಿ ಕನ್ನಡ ಶಾಲೆಯೇ ಇರುವುದಿಲ್ಲ. ಮಹಾರಾಷ್ಟ್ರದಲ್ಲಿ ಶಿಕ್ಷಕರ ಹುದ್ದೆಗಳನ್ನು ಮಕ್ಕಳ ಸಂಖ್ಯೆ ನೋಡಿ ನಿಗದಿ ಮಾಡುತ್ತಾರೆ. ಶಾಲೆಗಳಲ್ಲಿ ಇದರ ಹೆಸರು ‘ಸಂಚ್ ಮಾನ್ಯತಾ’. ಮಕ್ಕಳು ಕಡಿಮೆಯಾದರೆ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ತರಗತಿಗಳು ಒಂದಾಗುತ್ತವೆ, ತರಗತಿ ಒಂದಾದದ್ದು ಕಂಡು ಇನ್ನಷ್ಟು ಮಕ್ಕಳು ಬಿಡುತ್ತಾರೆ. ಒಂದು ಶಾಲೆ ಈ ಸುಳಿಯಲ್ಲಿ ಸಿಕ್ಕಿದೆಯೇ ಎಂದು ತಿಳಿಯಲು ಈ ವರ್ಷದ ಸಂಚ್ ಮಾನ್ಯತೆಯಲ್ಲಿ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದೆಷ್ಟು, ಮುಂದಿನ ಎರಡು ವರ್ಷದಲ್ಲಿ ನಿವೃತ್ತರಾಗುವವರೆಷ್ಟು ಎಂಬ ಮೂರು ಅಂಕಿ ಸಾಕು.

ಚುನಾವಣೆ, ಜನಗಣತಿ, ವಿಪತ್ತು ಪರಿಹಾರ ಈ ಮೂರಕ್ಕೆ ಶಿಕ್ಷಕರನ್ನು ಕಳಿಸಲು ಕಾಯಿದೆಯ 27ನೆಯ ಕಲಮು ಅವಕಾಶ ಕೊಡುತ್ತದೆ. ಹತ್ತು ಶಿಕ್ಷಕರ ಶಾಲೆಯಿಂದ ಇಬ್ಬರು ಹೋದರೆ ಶಾಲೆ ನಡೆಯುತ್ತದೆ. ಮೂವರ ಶಾಲೆಯಿಂದ ಇಬ್ಬರು ಹೋದರೆ ನಡೆಯುವುದು ಹಾಜರಿ ಮತ್ತು ಊಟ ಮಾತ್ರ. ಒಂದರಿಂದ ಐದಕ್ಕೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಆಗಬೇಕು. ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ. ಹೋಲಿಸುವಾಗ ಕಟ್ಟಡದ ಬಣ್ಣಕ್ಕಿಂತ ಈ ಗಂಟೆಗಳ ಲೆಕ್ಕ ಕೇಳುವುದು ಮೇಲು.

ಹತ್ತನೆಯ ಫಲಿತಾಂಶ: ನೂರಕ್ಕೆ ನೂರರ ಒಳಗೆ

ಜೂನ್ ಹೊತ್ತಿಗೆ ಗೇಟಿನ ಮೇಲೆ ‘ನಿಕಾಲ 100 ಟಕ್ಕೆ’ (ಫಲಿತಾಂಶ ನೂರಕ್ಕೆ ನೂರು) ಎಂಬ ಬ್ಯಾನರು ಏರುತ್ತದೆ. ಅದನ್ನು ಓದುವ ಮೊದಲು ಹಿಂದಿನ ವರ್ಷ ಆ ಶಾಲೆಯ ಒಂಬತ್ತನೆಯ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು ಎಂದು ಕೇಳಬೇಕು.

ಎರಡು ಶಾಲೆ ಇಟ್ಟುಕೊಳ್ಳೋಣ, ಎರಡರಲ್ಲೂ ಒಂಬತ್ತನೆಯಲ್ಲಿ 60 ಮಕ್ಕಳು. ಮೊದಲನೆಯದರಿಂದ ಹತ್ತನೆಯ ಪರೀಕ್ಷೆಗೆ ಕೂತವರು 41, ಪಾಸಾದವರು 41. ಬ್ಯಾನರಿನಲ್ಲಿ ನೂರಕ್ಕೆ ನೂರು. ಎರಡನೆಯದರಿಂದ ಕೂತವರು 57, ಪಾಸಾದವರು 50, ಅಂದರೆ ನೂರಕ್ಕೆ ಸುಮಾರು 88. ಬ್ಯಾನರು ಹಾಕುವ ಧೈರ್ಯವಿಲ್ಲ. ಈಗ ಅರವತ್ತರಿಂದ ಭಾಗಿಸಿ: ಮೊದಲ ಶಾಲೆ 68, ಎರಡನೆಯದು 83. ಕಾಣೆಯಾದ ಹತ್ತೊಂಬತ್ತು ಮಕ್ಕಳಲ್ಲಿ ಕೆಲವರು ಒಂಬತ್ತರಲ್ಲೇ ನಿಂತರು, ಕೆಲವರು ಬಿಟ್ಟರು, ಇನ್ನು ಕೆಲವರಿಗೆ ‘17 ನಂಬರಿನ ಫಾರ್ಮ್ ತುಂಬಿ’ ಎಂಬ ಸಲಹೆ ಸಿಕ್ಕಿರುತ್ತದೆ. ಶಾಲೆಗೆ ಹೋಗದೆ ಖಾಸಗಿಯಾಗಿ ಎಸ್‌ಎಸ್‌ಸಿ (ಹತ್ತನೆಯ ಪರೀಕ್ಷೆ) ಬರೆಯುವವರು ತುಂಬುವ ಅರ್ಜಿ ಅದು. ಓದು ಬಿಟ್ಟು ಮರಳಿ ಬಂದವರಿಗೆ ಅದು ವರ. ದುರ್ಬಲ ಮಕ್ಕಳನ್ನು ಶಾಲೆಯ ಲೆಕ್ಕದಿಂದ ಹೊರಗೆ ದಾಟಿಸಲು ಬಳಸಿದರೆ ಅದೇ ಫಾರ್ಮ್ ಶೇಕಡಾವಾರನ್ನು ತೊಳೆದು ಬಿಳಿ ಮಾಡುತ್ತದೆ.

ಸಣ್ಣ ಶಾಲೆಗಳ ವಿಷಯದಲ್ಲಿ ಇನ್ನೊಂದು ಎಚ್ಚರ. 12 ಮಕ್ಕಳು ಪರೀಕ್ಷೆಗೆ ಕೂತರೆ ಒಬ್ಬ ನಪಾಸಾದರೂ ಎಂಟು ಅಂಶ ಕುಸಿಯುತ್ತದೆ. ಪರೀಕ್ಷೆಯ ದಿನ ಒಬ್ಬಳಿಗೆ ಡೆಂಗಿ ಬಂದರೆ ಶಾಲೆ ‘ಹಾಳಾಯಿತು’ ಎನ್ನಲಾಗದು. ಅಂಥ ಶಾಲೆಯ ಐದು ವರ್ಷದ ಮಕ್ಕಳನ್ನು ಕೂಡಿಸಿ ಒಂದೇ ಲೆಕ್ಕ ಮಾಡಿ.

ಬೇರೆ ಬೇರೆ ವರ್ಷಗಳನ್ನು ನೇರವಾಗಿ ಹೋಲಿಸುವುದೂ ಸರಿಯಲ್ಲ. ರಾಜ್ಯದ ಎಸ್‌ಎಸ್‌ಸಿ ಫಲಿತಾಂಶ 2018ರಲ್ಲಿ ಶೇ. 89.41, 2019ರಲ್ಲಿ 77.10, 2020ರಲ್ಲಿ 95.30. ಎರಡೇ ವರ್ಷದಲ್ಲಿ ಮಕ್ಕಳು ದಡ್ಡರಾಗಿ ಮತ್ತೆ ಜಾಣರಾಗಲಿಲ್ಲ. 2019ರಲ್ಲಿ ಭಾಷೆ, ಸಮಾಜ ವಿಷಯಗಳಲ್ಲಿ ಶಾಲೆಯೇ ಕೊಡುವ 20 ಆಂತರಿಕ ಅಂಕಗಳನ್ನು ತೆಗೆದಿದ್ದರು; ಮರುವರ್ಷ ಅವು ಹಿಂದಿರುಗಿದವು. 2021ರಲ್ಲಿ ಪರೀಕ್ಷೆಯೇ ನಡೆಯದೆ 99.95 ಬಂತು. ಶಾಲೆಯನ್ನು ಅದೇ ವರ್ಷದ ಪಕ್ಕದ ಶಾಲೆಯೊಡನೆ ಹೋಲಿಸಬೇಕು, ಅದರದೇ ಹಳೆಯ ವರ್ಷದೊಡನೆ ಅಲ್ಲ. ಸಾಧ್ಯವಾದರೆ ಗಣಿತದ ಲಿಖಿತ ಅಂಕವನ್ನು ಮಾತ್ರ ನೋಡಿ. ಆಂತರಿಕದಲ್ಲಿ ಎಲ್ಲರಿಗೂ 19, ಲಿಖಿತದಲ್ಲಿ ಹೆಚ್ಚಿನವರಿಗೆ 20ರ ಆಸುಪಾಸು ಎಂದಿದ್ದರೆ ಅರ್ಥ ತಾನೇ ತೆರೆದುಕೊಳ್ಳುತ್ತದೆ.

ಫೋರ್ಟ್ ಭಾಗದಲ್ಲಿ ಹೋಟೆಲ್ ಹುಡುಗರನ್ನು ಓದಿಸಿದ ಕನ್ನಡ ರಾತ್ರಿಶಾಲೆಗಳಂಥವನ್ನು ಹಗಲು ಶಾಲೆಗಳ ಶೇಕಡಾವಾರಿನೊಡನೆ ತೂಗುವುದು ಅನ್ಯಾಯ. ಬೆಳಿಗ್ಗೆ ಐದರಿಂದ ಲೋಟ ತೊಳೆದು ಸಂಜೆ ಪುಸ್ತಕ ಹಿಡಿದವನ 45 ಅಂಕಕ್ಕೂ ಟ್ಯೂಷನ್ನಿನವನ 45ಕ್ಕೂ ಬೇರೆ ತಕ್ಕಡಿ ಬೇಕು. ಪಾಲಿಕೆ 2020ರ ನಂತರ ತೆರೆದ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳದ್ದು ಇದರ ಇನ್ನೊಂದು ತುದಿ: ಅಲ್ಲಿ ಅರ್ಜಿ ಹಾಕಿ ಲಾಟರಿ ಕಾಯುವವರು ಮಕ್ಕಳ ಓದಿನ ಬಗ್ಗೆ ಮೊದಲೇ ತಲೆಕೆಡಿಸಿಕೊಂಡವರು. ಫಲಿತಾಂಶ ಚೆನ್ನಾಗಿದ್ದರೆ ಅದರಲ್ಲಿ ಮನೆಯ ಪಾಲೂ ಇದೆ.

ಮೂರನೆಯ ತರಗತಿಯ ಬಾಗಿಲಲ್ಲಿ

ರಾಷ್ಟ್ರಮಟ್ಟದ ಸಮೀಕ್ಷೆಗಳು ಒಂದು ಓಣಿಯ ಎರಡು ಶಾಲೆ ಹೋಲಿಸಲು ಬರುವುದಿಲ್ಲ. 2024ರ ಡಿಸೆಂಬರಿನಲ್ಲಿ 3, 6, 9ನೆಯ ತರಗತಿಗಳಿಗೆ ನಡೆದ ಪರಖ್ ಸಮೀಕ್ಷೆ ಆಯ್ದ ಶಾಲೆಗಳಿಂದ ಜಿಲ್ಲೆಯ ಚಿತ್ರ ಕೊಡುತ್ತದೆ. ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ವರದಿ ಗ್ರಾಮೀಣ ಭಾಗದ್ದು. ಆದರೆ ಅಸರ್‌ನ ಅಳತೆಗೋಲು ಬಹಳ ಸರಳ, ಅದನ್ನು ನಾವೇ ಬಳಸಬಹುದು. ಓದಿನಲ್ಲಿ ನಾಲ್ಕು ಮೆಟ್ಟಿಲು: ಅಕ್ಷರ, ಪದ, ಒಂದನೆಯ ತರಗತಿ ಮಟ್ಟದ ನಾಲ್ಕು ಸಾಲು, ಎರಡನೆಯ ತರಗತಿ ಮಟ್ಟದ ಸಣ್ಣ ಕಥೆ. ಲೆಕ್ಕದಲ್ಲಿ ಅಂಕಿ ಗುರುತಿಸುವುದು, ದಶಕ ತೆಗೆದುಕೊಂಡು ಕಳೆಯುವುದು (52ರಿಂದ 27), ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು (659ನ್ನು 4ರಿಂದ).

ಹೋಲಿಸುವ ಎರಡು ಶಾಲೆಗಳಲ್ಲಿ ಒಂದೊಂದರಿಂದ ಮೂರನೆಯ ತರಗತಿ ಮುಗಿಸಿದ ಐದೈದು ಮಕ್ಕಳನ್ನು ಅವರ ಮನೆಯವರನ್ನು ಕೇಳಿಕೊಂಡು ಚಾಳಿನಲ್ಲೇ ಓದಿಸಿ ನೋಡಿ. ಶಾಲೆ ತಾನಾಗಿ ಮುಂದೆ ತಂದು ನಿಲ್ಲಿಸುವ ಐದು ಮಕ್ಕಳು ಬೇಡ. ಪಠ್ಯಪುಸ್ತಕದ ಪಾಠವೂ ಬೇಡ, ಬಾಯಿಪಾಠ ಇರುತ್ತದೆ. ಬಾಲಭಾರತಿಯ (ರಾಜ್ಯದ ಪಠ್ಯಪುಸ್ತಕ ಸಂಸ್ಥೆಯ) ಕನ್ನಡ ಪುಸ್ತಕವೇ ಆದರೂ ಹಿಂದಿನ ತರಗತಿಯದ್ದನ್ನು ನಡುವಿನಿಂದ ತೆರೆಯಿರಿ. ಕನ್ನಡದಲ್ಲಿ ತೊಡಕು ಎದುರಾಗುವುದು ಒತ್ತಕ್ಷರದಲ್ಲಿ: ‘ಅಕ್ಕ’ ಓದಿದ ಮಗು ‘ಸೂರ್ಯ’ದಲ್ಲಿ ನಿಂತರೆ ಅರ್ಕಾವತ್ತು ಕಲಿಸಿಲ್ಲ ಎಂದೇ ಅರ್ಥ, ಅದು ಒಂದು ತಿಂಗಳ ಕೆಲಸ. ‘ಮರ’, ‘ಮನೆ’ಯಲ್ಲೇ ನಿಂತರೆ ಎರಡು ವರ್ಷ ಕಳೆದುಹೋಗಿದೆ. ಕನ್ನಡ ಶಾಲೆಯ ಮಗು ಒಂದನೆಯ ತರಗತಿಯಿಂದಲೇ ಮರಾಠಿ, ಇಂಗ್ಲಿಷನ್ನೂ ಕಲಿಯುತ್ತದೆ. 2020ರ ಕಾಯಿದೆಯಂತೆ ರಾಜ್ಯದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಮೂರು ಲಿಪಿ ಹೊತ್ತ ಮಗು ಸ್ವಲ್ಪ ನಿಧಾನವಾಗಿ ಓದಿದರೆ ಗಾಬರಿ ಬೇಡ. ತಡವರಿಸುವುದು ಬೇರೆ, ಗೊತ್ತಿಲ್ಲದಿರುವುದು ಬೇರೆ.

ಸೆಮಿ ಇಂಗ್ಲಿಷ್ ಶಾಲೆಯಾದರೆ, ಲೆಕ್ಕ ಮಾಡಿದ ಮೇಲೆ ‘ಇದನ್ನು ಹೇಗೆ ಮಾಡಿದೆ, ಮನೆಮಾತಿನಲ್ಲಿ ಹೇಳು’ ಎನ್ನಿ. ಹೇಳಿದರೆ ಕಲಿತಿದೆ. ಉತ್ತರ ಸರಿ, ವಿವರಣೆ ಶೂನ್ಯ ಎಂದಾದರೆ ಬೋರ್ಡಿನಿಂದ ನಕಲು ಆಗಿದೆ.

ಶಾಲೆಗೆ ಹೋದಾಗ ನೋಟ್‌ಬುಕ್ಕು ಕೇಳಿ ನೋಡಿ, ಒಳ್ಳೆಯ ಹುಡುಗಿಯದ್ದಲ್ಲ, ಕಟ್ಟಿನ ನಡುವಿನದ್ದು. ಕೆಂಪು ಶಾಯಿಯ ತಾರೀಖುಗಳ ನಡುವೆ ಎಷ್ಟು ಅಂತರವಿದೆ? ತಪ್ಪಾದ ಲೆಕ್ಕದ ಮೇಲೂ ಸರಿ ಗುರುತು ಬಿದ್ದಿದೆಯೇ? ಗ್ರಂಥಾಲಯವಿದೆ ಎಂದರೆ ಪುಸ್ತಕ ಕೊಟ್ಟ ರಜಿಸ್ಟರಿನ ಕೊನೆಯ ತಾರೀಖು ನೋಡಿ. ಊಟದ ಹೊತ್ತಿಗೆ ಹೋದರೆ ಇನ್ನೂ ಒಳ್ಳೆಯದು. ಪ್ರಾಥಮಿಕದ ಮಗುವಿಗೆ ದಿನಕ್ಕೆ 100 ಗ್ರಾಂ, ಹಿರಿಯ ಪ್ರಾಥಮಿಕಕ್ಕೆ 150 ಗ್ರಾಂ ಧಾನ್ಯದ ಲೆಕ್ಕ. ಬೆಳಗಿನ ಹಾಜರಿ ಸಂಖ್ಯೆಗೂ ಸಾಲಿನಲ್ಲಿ ನಿಂತ ತಲೆಗಳಿಗೂ ಹೊಂದಾಣಿಕೆ ಇದೆಯೇ ಎಂಬುದು ಅಲ್ಲೇ ತಿಳಿಯುತ್ತದೆ.

ಕೇಳುವ ಹಕ್ಕು ಯಾರಿಗಿದೆ

ಪ್ರತಿ ಪಾಲಿಕೆ ಶಾಲೆಗೂ ಶಾಲಾ ವ್ಯವಸ್ಥಾಪನ ಸಮಿತಿ ಇರಬೇಕು. ಅದರ ಮುಕ್ಕಾಲು ಪಾಲು ಸದಸ್ಯರು ಪಾಲಕರು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ನಡಾವಳಿ ಪುಸ್ತಕದಲ್ಲಿ ಎಲ್ಲ ಸಭೆಗಳೂ ಒಂದೇ ಕೈಬರಹದಲ್ಲಿ, ಒಂದೇ ಪೆನ್ನಿನಲ್ಲಿ ಇದ್ದರೆ ಸಭೆ ನಡೆದದ್ದು ಪುಸ್ತಕದಲ್ಲಿ ಮಾತ್ರ ಎಂಬ ಗುಮಾನಿ ಸಹಜ. ಸದಸ್ಯರಾದ ಒಬ್ಬ ತಾಯಿಯನ್ನು ಗೇಟಿನ ಹೊರಗೆ ಮಾತಾಡಿಸಿ: ‘ಕಳೆದ ಸಭೆಯಲ್ಲಿ ಏನು ಮಾತಾಡಿದಿರಿ ಅಕ್ಕಾ?’ ಅವರಿಗೆ ತಾವು ಸದಸ್ಯೆ ಎಂಬುದೇ ಗೊತ್ತಿಲ್ಲದಿದ್ದರೆ ಮುಂದೆ ಕೇಳುವುದು ಬೇಕಿಲ್ಲ.

ಶಾಲೆಯಲ್ಲಿ ಮಾಹಿತಿ ಸಿಗದಿದ್ದರೆ ವಾರ್ಡಿನ ಶಿಕ್ಷಣ ಕಚೇರಿ, ಅಲ್ಲಿ ಶಾಲೆಗಳನ್ನು ತಪಾಸಣೆ ಮಾಡುವ ಬೀಟ್ ಆಫೀಸರು ಇದ್ದಾರೆ. ಅಲ್ಲೂ ಆಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ದಾಟಬಾರದು. ಶಿಕ್ಷಕರು, ಫಲಿತಾಂಶ, ಅನುದಾನ ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಮೊದಲ ವಿಷಯಕ್ಕೆ ಮಾತ್ರ ಉತ್ತರ ಕೊಟ್ಟು ಉಳಿದವಕ್ಕೆ ಬೇರೆ ಅರ್ಜಿ ಹಾಕಿ ಎನ್ನಬಹುದು. ‘ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಮೂರು ವರ್ಷದ್ದು’ ಎಂದು ಒಂದು ಅರ್ಜಿ. ‘ಒಂಬತ್ತನೆಯಲ್ಲಿದ್ದವರು, ಹತ್ತಕ್ಕೆ ಕೂತವರು, ಪಾಸಾದವರು’ ಎಂದು ಇನ್ನೊಂದು. ಹೋಲಿಸುವ ಎರಡೂ ಶಾಲೆಗಳ ಯು-ಡೈಸ್ ಸಂಖ್ಯೆಯನ್ನು ಅರ್ಜಿಯಲ್ಲೇ ಬರೆಯಿರಿ, ಇಲ್ಲದಿದ್ದರೆ ಪಕ್ಕದ ಮಹಡಿಯ ಶಾಲೆಯ ಅಂಕಿ ಬಂದೀತು.

ಭೇಟಿಗೆ ಜೂನ್ ಮಧ್ಯದಲ್ಲಿ ಶಾಲೆ ಶುರುವಾಗುವ ಮೊದಲ ವಾರ ಬೇಡ. ಆಗ ಎಲ್ಲ ಶಾಲೆಯಲ್ಲೂ ತೋರಣ, ಹೊಸ ಸಮವಸ್ತ್ರ, ಹೂವು. ಜುಲೈಯಲ್ಲಿ ಎರಡು ದಿನ ಎಡೆಬಿಡದೆ ಮಳೆ ಸುರಿದ ಮರುದಿನ ಹೋಗಿ. ಯಾವ ಕೋಣೆ ಸೋರುತ್ತದೆ, ಎಷ್ಟು ಶಿಕ್ಷಕರು ವಿರಾರಿನಿಂದ, ಕಲ್ಯಾಣದಿಂದ ಬಂದು ಮುಟ್ಟಿದ್ದಾರೆ, ಬಂದ ಹದಿನೈದು ಮಕ್ಕಳನ್ನು ಕೂರಿಸಿ ಪಾಠ ಮಾಡುತ್ತಿದ್ದಾರೋ ಅಥವಾ ‘ನಾಳೆ ಬನ್ನಿ’ ಎಂದು ಕಳಿಸುತ್ತಿದ್ದಾರೋ, ಅರ್ಧ ಗಂಟೆಯಲ್ಲಿ ಕಾಣುತ್ತದೆ. ಬೆಳಗಿನ ಪಾಳಿಗೆ ಹೋದವರು ಮಧ್ಯಾಹ್ನದ ಪಾಳಿಗೂ ನಿಲ್ಲಿ. ಅದೇ ಕೋಣೆ, ಅದೇ ಬೆಂಚು, ಶಾಲೆ ಮಾತ್ರ ಬೇರೆ.